ಕೆಳಗಿನ ಮನೆಗೆ ಇಳಿದುಹೋದ ಅಕ್ಕ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ವೇಬ್ರಿಡ್ಜಿನ ಮೇಲೆ ಬಂದು ನಿಂತ ಲಾರಿಯ ತೂಕ ಕಾಣುತ್ತಿತ್ತೇ ಹೊರತು ಲಾರಿ ಕಾಣುತ್ತಿರಲಿಲ್ಲ. ಗಾಜಿನ ಗೂಡಿನೊಳಗೆ ಕೂತ ತೂಕದಣ್ಣನಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ಮಂಜಿರಲಿ, ಬಿಸಿಲಿರಲಿ, ಅವನ ಪಾಲಿಗೆ ಬರುವುದು ಒಂದೇ ಮಾತು. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ; "ಆಯ್ತಾ ಸಾರ್?" ಎಂದು ಒಂದು ದನಿ ಕೇಳುತ್ತದೆ, ಇವನು ತೂಕದ ಚೀಟಿ ಹರಿದು ಕಿಂಡಿಯಿಂದಾಚೆ ಚಾಚಿ "ಆಯ್ತು" ಎನ್ನುತ್ತಾನೆ, ಒಂದು ಕೈ ಬಂದು ಚೀಟಿ ತೆಗೆದುಕೊಂಡು ಹೋಗುತ್ತದೆ. ಕೈ ಇದ್ದಲ್ಲಿ ಮುಖವೂ ಇರುತ್ತದೆಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮುಖ ನೋಡುವಷ್ಟು ಹೊತ್ತು ಯಾವ ಲಾರಿಯೂ ನಿಂತದ್ದಿಲ್ಲ. ದೇವರು ಈ ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚಿದ್ದಾನೆ. ತೂಕದಣ್ಣನಿಗೆ ಹಚ್ಚಿದ್ದು, ಬಂದು ಹೋಗುವವರ ಭಾರ ಎಷ್ಟೆಂದು ಬರೆದುಕೊಡುವುದು.

ಆದರೆ ಆ ಬೆಳಿಗ್ಗೆ ಅವನ ಮನಸ್ಸು ಲಾರಿಗಳ ಮೇಲಿರಲಿಲ್ಲ. ಮೇಜಿನ ಮೇಲೆ ಅವನ ಹಳೆಯ ಮಡಚುವ ಕಂಪ್ಯೂಟರು ಕೂತಿತ್ತು. ಅದರ ಪಕ್ಕದಲ್ಲಿ ಹೊಸ ಹೆಡ್‌ಫೋನಿನ ಡಬ್ಬಿ. ಇವೆರಡರ ನಡುವೆ ಸಂಬಂಧ ಕೂಡಿಬರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ, ಹೆಣ್ಣು ನೋಡಲು ಹೋದ ಕಡೆ ಎರಡೂ ಮನೆಯವರ ಮಧ್ಯೆ ಸಿಕ್ಕಿಕೊಂಡ ದಲ್ಲಾಳಿಯ ಹಾಗೆ ಅವನು ಬೆವರುತ್ತಿದ್ದ.

ಈ ಬೆವರಿನ ಮೂಲ ಹೇಳದೆ ಮುಂದೆ ಹೋಗುವಂತಿಲ್ಲ.

ತೂಕದಣ್ಣ ಮದುವೆಯಾದವನಲ್ಲ. ಅವನನ್ನು ಸಾಕಿದವಳು ಅಕ್ಕ. ಅವಳೂ ಮದುವೆಯ ಗೋಜಿಗೆ ಹೋಗಲಿಲ್ಲ; "ಇವನೊಬ್ಬನನ್ನ ನೋಡ್ಕೊಳ್ಳೋದೇ ಒಂದು ಮನೆ ತುಂಬ ಮಕ್ಕಳನ್ನ ಹೆತ್ತ ಹಾಗಾಯ್ತು" ಎನ್ನುತ್ತಿದ್ದಳು. ಮಂಡಿನೋವು ಬಂದು ಮೆಟ್ಟಿಲಿಳಿಯುವುದು ನಿಂತ ಮೇಲೆ ಅವಳು ಫೋನು ಹಿಡಿದಳು. ಬರೆದು ಕಳಿಸುವಷ್ಟು ತಾಳ್ಮೆ ಅವಳಿಗಿಲ್ಲ. ಗುಂಡಿ ಒತ್ತುವುದು, ಬೈಯುವುದು, ಕಳಿಸುವುದು. ತಮ್ಮ ವೇಬ್ರಿಡ್ಜಿಗೆ ಹೋಗಿ ಕೂತನೋ ಇಲ್ಲವೋ, ಒಂದರ ಹಿಂದೊಂದು ದನಿ ಬಂದು ಬೀಳುತ್ತಿತ್ತು. "ಏ ಮಂಕೇ, ಹಾಲು ಒಲೆ ಮೇಲಿಟ್ಟು ಹೋಗಿದೀಯಲ್ಲೋ, ಉಕ್ಕಿ ಹರಿದು ಹೋಯ್ತು!" "ಸ್ವೆಟರ್ ಹಾಕ್ಕೊಂಡ್ಯೇನೋ? ಚಳಿ ನಿನಗೇನು ಹೆದರ್ಕೊಂಡು ಕೂತಿರಲ್ಲ." "ಗಡ್ಡ ಹೆರೆಸ್ಕೋ. ಕರಡಿ ಲಾರಿ ತೂಕ ಹಾಕ್ತಿದೆ ಅಂತ ಜನ ನಗ್ತಾರೆ."

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಅವಳ ಹಿಂದೆಯೇ ತೂಕದಣ್ಣನ ಫೋನೂ ಕಣ್ಣು ಮುಚ್ಚುವ ಹಂತಕ್ಕೆ ಬಂತು. ರಿಪೇರಿಯವನು ಪುಣ್ಯಾತ್ಮ, ಅಷ್ಟೂ ದನಿಗಳನ್ನು, ವೇಬ್ರಿಡ್ಜಿನ ಮಾಲೀಕರು ಬೇಡವೆಂದು ಕೊಟ್ಟಿದ್ದ ಈ ಹಳೆಯ ಕಂಪ್ಯೂಟರಿಗೆ ಇಳಿಸಿಕೊಟ್ಟ. ಅಂದಿನಿಂದ ಸಂಜೆ ಮನೆಗೆ ಬಂದೊಡನೆ ತೂಕದಣ್ಣ ಅಕ್ಕನ ಕುರ್ಚಿಯ ಮೇಲೆ ಕಂಪ್ಯೂಟರನ್ನು ಕೂರಿಸುತ್ತಿದ್ದ. ಲಾರಿಗಳ ಗದ್ದಲದಲ್ಲಿ ಸವೆದ ಕಿವಿ. ಆದ್ದರಿಂದ ದನಿಯನ್ನು ಪೂರ್ತಿ ಏರಿಸುತ್ತಿದ್ದ. ಅಕ್ಕ ಬೈಯುತ್ತಿದ್ದಳು. ಅವನು ಕಸ ಗುಡಿಸುತ್ತಿದ್ದ, ಅಡುಗೆ ಮಾಡುತ್ತಿದ್ದ, ಊಟ ಮಾಡುತ್ತಿದ್ದ. ಬೈಗುಳ ಮುಗಿದರೆ ಮತ್ತೆ ಮೊದಲಿನಿಂದ.

ಎದುರು ಮನೆಯಲ್ಲಿ ಟ್ಯೂಷನ್ ಮೇಡಂ ಇದ್ದರು. ಅವರು ಒಂದು ದಿನ ಕಟ್ಟಡದ ಸೆಕ್ರೆಟರಿಯ ಬಳಿ ಹೋದರು. "ನೋಡಿ, ಮಕ್ಕಳು ಗುಣಾಕಾರ ಮಾಡೋ ಹೊತ್ತಿಗೆ ಎದುರುಗಡೆಯಿಂದ 'ಏ ಮಂಕೇ' ಅಂತ ಕೂಗು ಬರುತ್ತೆ. ಇಡೀ ಕ್ಲಾಸು ತಲೆ ಎತ್ತುತ್ತೆ. ಯಾರನ್ನ ಕರೆದಿದ್ದು ಅಂತ ಅವರವರಲ್ಲೇ ಜಗಳ."

ಸೆಕ್ರೆಟರಿ ಬಂದರು. ಯಾವ ಮಾತಿಗೂ ಮುಂಚೆ ಎರಡು ಸಲ ಕೆಮ್ಮುವುದು ಅವರ ಪದ್ಧತಿ. ಕೆಮ್ಮಿದ ಮೇಲೆ ಹೇಳಿದ್ದು ನಿಯಮ, ಕೆಮ್ಮದೆ ಹೇಳಿದ್ದು ಬರೀ ಹರಟೆ. ಎರಡು ಸಲ ಕೆಮ್ಮಿ, "ಹೆಡ್‌ಫೋನ್ ಹಾಕ್ಕೊಳ್ಳಿ. ಈಗೆಲ್ಲ ವೈರ್ ಇಲ್ಲದ್ದು ಬಂದಿದೆ" ಎಂದರು.

ತೂಕದಣ್ಣ ಅಂಗಡಿಗೆ ಹೋದ. ಅಂಗಡಿಯವನು ಡಬ್ಬಿ ಮುಂದಿಟ್ಟು, "ನಿಮ್ಮ ಕಂಪ್ಯೂಟರಲ್ಲಿ ಬ್ಲೂಟೂತ್ ಇದೆಯಾ? ನೋಡ್ಕೊಂಡು ಬಂದಿದ್ದೀರಾ?" ಎಂದು ಕೇಳಿದ. ಗೊತ್ತಿಲ್ಲ ಎಂದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಜನರ ಮುಂದೆ ಗೊತ್ತಿಲ್ಲ ಎನ್ನುವ ಶಕ್ತಿಯನ್ನು ದೇವರು ಎಲ್ಲರಿಗೂ ಕೊಟ್ಟಿಲ್ಲ.

"ಇಲ್ಲದೆ ಏನ್ರೀ?" ಎಂದ ತೂಕದಣ್ಣ, ಗಂಟಲು ದಪ್ಪ ಮಾಡಿ. "ಆಫೀಸ್ ಕಂಪ್ಯೂಟರು ಅದು. ಅದರಲ್ಲಿ ಇಲ್ಲದ್ದು ಯಾವುದು ಅಂತ ಕೇಳಿ."

ಮನೆ ಮುಟ್ಟುವ ಹೊತ್ತಿಗೆ ಅವನಿಗೆ ತಾನೇ ಆ ಪ್ರಶ್ನೆ ಕೇಳಿಕೊಳ್ಳುವ ಪಾಡಾಗಿತ್ತು.

ಆ ಮಂಜಿನ ಬೆಳಿಗ್ಗೆ ಅವನು ಎರಡೂ ಸಾಮಾನನ್ನು ಹೊತ್ತುಕೊಂಡು ಕೆಲಸಕ್ಕೆ ಬಂದದ್ದು ಅದಕ್ಕೇ. ಒಳಗಿರುವುದು ಹೊರಗಿನಿಂದ ಕಾಣದಿದ್ದರೆ ತೂಕ ಹಾಕಿ ನೋಡಬೇಕು: ಇದು ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ. ಟಾರ್ಪಾಲಿನ ಕೆಳಗೆ ಬಚ್ಚಿಟ್ಟ ಮರಳನ್ನು ಅವನು ಎಷ್ಟೋ ಸಲ ಹಾಗೆಯೇ ಹಿಡಿದಿದ್ದ. ವೇಬ್ರಿಡ್ಜಿಗೆ ತಂದಿರುವ ಹೊಸ ಕಂಪ್ಯೂಟರಲ್ಲಿ ಬ್ಲೂಟೂತ್ ಇದೆಯೆಂದು ಮಾಲೀಕರೇ ಹೇಳಿದ್ದರು. ಅದೂ ಇದೂ ಎರಡನ್ನೂ ತೂಗುವುದು. ಹಳೆಯದು ಹಗುರವಾಗಿದ್ದರೆ ಇಲ್ಲ. ಸಮ ಬಂದರೆ ಇದೆ. ಅವನಿಗೆ ತನ್ನ ಬುದ್ಧಿಯ ಮೇಲೆ ಒಂದು ಕ್ಷಣ ಗೌರವವೇ ಹುಟ್ಟಿತು.

ಹಳೆಯ ಕಂಪ್ಯೂಟರನ್ನು ಒಯ್ದು, ಲಾರಿ ನಿಲ್ಲುವ ಕಬ್ಬಿಣದ ಹಾಸಿನ ನಟ್ಟನಡುವೆ ಇಟ್ಟು, ಓಡಿಬಂದು ಅಂಕಿ ನೋಡಿದ. ಸೊನ್ನೆ. ಅದನ್ನು ಒಂದು ಪಕ್ಕಕ್ಕೆ ಸರಿಸಿ ಹೊಸದನ್ನಿಟ್ಟು ಬಂದು ನೋಡಿದ. ಅದೂ ಸೊನ್ನೆ. ಆನೆ ತೂಗುವ ತಕ್ಕಡಿಗೆ ಇರುವೆ ಏರಿದ್ದು ತಿಳಿಯುವುದೆಲ್ಲಿ? ತೂಕದಣ್ಣ ಮಾತ್ರ ಗಲ್ಲಕ್ಕೆ ಕೈ ಹಚ್ಚಿ, ಎರಡೂ ಸಮ ಬಂದಿವೆಯಲ್ಲ, ಹಾಗಾದರೆ ಇದೆ ಎಂದೇ ಅರ್ಥ ಎಂದು ತೀರ್ಮಾನಿಸುತ್ತಿದ್ದ. ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಲಾರಿ ಕಿರ್ರೆಂದು ಬ್ರೇಕು ಹಾಕಿ, ಕಂಪ್ಯೂಟರುಗಳಿಗೆ ಮಾರುದೂರದಲ್ಲಿ ನಿಂತಿತು.

"ಯಾರ್ರೀ ಅದು, ಕಂಪ್ಯೂಟರ್ ಒಣಗಾಕಿರೋದು!" ಎಂದು ಡ್ರೈವರು ಇಳಿದು ಬಂದ. ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟು ನಕ್ಕ. "ಅಣ್ಣಾ, ಅದು ತೂಕಕ್ಕೆ ಸಿಗೋ ಸಾಮಾನಲ್ಲ. ನನ್ನ ಹೆಂಡ್ತಿ ಕೋಪ ಇದ್ದ ಹಾಗೆ. ಇರುತ್ತೆ, ಕಾಣಲ್ಲ, ಹತ್ರ ಹೋದ್ರೆ ಗೊತ್ತಾಗುತ್ತೆ. ಕೊಡಿ ಇಲ್ಲಿ."

ಗೂಡಿನೊಳಗೆ ಬಂದು ಅವನೇ ಕೀಲಿಗಳನ್ನು ಒತ್ತಿದ. "ಸೆಟ್ಟಿಂಗ್ಸ್‌ಗೆ ಹೋಗ್ಬೇಕು. ಅಲ್ಲಿ ಬ್ಲೂಟೂತ್ ಅಂತ ಹೆಸರಿದ್ರೆ ಇದೆ, ಇಲ್ಲಾಂದ್ರೆ ಇಲ್ಲ. ನೋಡಿ, ಇದೆ! ಆನ್ ಮಾಡಿದೀನಿ. ಈಗ ಹುಡುಕು ಅಂದ್ರೆ, ಹತ್ತಿರ ಇರೋವೆಲ್ಲ ಹಾಜರಿ ಹೇಳ್ತವೆ. ನೋಡಿ, ನನ್ನ ಲಾರಿ ಸ್ಟೀರಿಯೋ ಬಂತು. ಮನೇಲಿ ಡಬ್ಬಿ ಬಿಚ್ಚಿದ ಮೇಲೆ ನಿಮ್ಮದರ ಹೆಸರು ಬರುತ್ತೆ. ಅದರ ಮೇಲೆ ಒತ್ತಿ. ಮುಗೀತು."

ತೂಕದಣ್ಣ ಪರದೆಗಿಂತ ಹೆಚ್ಚಾಗಿ ಅವನ ಮುಖವನ್ನೇ ನೋಡುತ್ತಿದ್ದ. ಚೀಟಿ ತೆಗೆದುಕೊಂಡು ಹೋಗುವ ಕೈಗಳಲ್ಲೊಂದಕ್ಕೆ ಇಂಥ ಮುಖ ಇದೆಯೇ ಎಂದು ಆಶ್ಚರ್ಯ. ಒಂದು ಚಹಾ ಕುಡಿದು ಹೋಗಿ ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಹಿಂದಿನ ಲಾರಿಗಳು ಹಾರನ್ನು ಹೊಡೆಯತೊಡಗಿದವು. "ಆಯ್ತಾ ಸಾರ್?" ಎಂದ ಡ್ರೈವರು. "ಆಯ್ತು" ಎಂದ ತೂಕದಣ್ಣ. ಲಾರಿ ಮಂಜಿನೊಳಕ್ಕೆ ಹೋಯಿತು.

ಹೆಡ್‌ಫೋನನ್ನೂ ಆನ್ ಮಾಡಬೇಕು ಎಂಬ ಮಾತನ್ನು ಡ್ರೈವರು ಹೇಳಲಿಲ್ಲ. ಅದನ್ನೂ ಹೇಳಬೇಕಾದೀತೆಂದು ಪಾಪ ಅವನಿಗೆ ಹೊಳೆದಿರಲಾರದು. ತೂಕದಣ್ಣನ ಲೆಕ್ಕದಲ್ಲಿ ಕನ್ನಡಕ, ಟೋಪಿ, ಹೆಡ್‌ಫೋನು ಮೂರೂ ಒಂದೇ ಜಾತಿ. ಹಾಕಿಕೊಂಡರೆ ಕೆಲಸ ಮಾಡುತ್ತವೆ.

ಸಂಜೆ ಮನೆಗೆ ಬಂದ. ಕೈಕಾಲು ತೊಳೆದ. ಹೆಡ್‌ಫೋನು ತಲೆಗೇರಿಸಿ ಹುಡುಕು ಎಂದು ಒತ್ತಿದ. ಪರದೆಯ ಮೇಲೆ ಒಂದೇ ಒಂದು ಹೆಸರು ಬಂತು. ಅದೂ ಹೆಸರಲ್ಲ, ಇಂಗ್ಲಿಷ್ ಅಕ್ಷರವೂ ಅಂಕಿಯೂ ಬೆರೆತ, ಥೇಟ್ ಲಾರಿ ನಂಬರಿನಂಥದ್ದು. ದಿನವಿಡೀ ನಂಬರಿನಿಂದಲೇ ಲೋಕವನ್ನು ಗುರುತಿಸುವವನಿಗೆ ಅನುಮಾನ ಬರಲಿಲ್ಲ. ಇದೇ ನನ್ನ ಗಾಡಿ ಎಂದು ಒತ್ತಿದ. ಸೇರಿಕೊಂಡೆ ಎಂದು ಕಂಪ್ಯೂಟರು ಒಪ್ಪಿಕೊಂಡಿತು. ಅಕ್ಕನನ್ನು ಮಾತಿಗೆ ಹಚ್ಚಿ, ಕಣ್ಣು ಮುಚ್ಚಿ, ತಲೆ ಬಾಗಿಸಿ ಕೂತ.

ಏನೂ ಕೇಳಲಿಲ್ಲ.

ದನಿ ಏರಿಸಿದ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡ. ತೆಗೆದಿಟ್ಟು ಕಂಪ್ಯೂಟರಿಗೇ ಕಿವಿ ಹಚ್ಚಿದ. ಅಲ್ಲೂ ಇಲ್ಲ. ಪರದೆಯ ಮೇಲೆ ಗೆರೆ ಮಾತ್ರ ಎಡದಿಂದ ಬಲಕ್ಕೆ ಓಡುತ್ತಿತ್ತು. ಅಕ್ಕ ಮಾತಾಡುತ್ತಲೇ ಇದ್ದಾಳೆ, ಅವನಿಗೆ ಕೇಳುತ್ತಿಲ್ಲ.

ಇಲ್ಲಿ ನಾವು ತೂಕದಣ್ಣನನ್ನು ಸ್ವಲ್ಪ ಹೊತ್ತು ಅಲ್ಲಿಯೇ ಬಿಟ್ಟು, ಒಂದು ಮಹಡಿ ಕೆಳಗಿಳಿಯಬೇಕು. ಆ ಮನೆಯಲ್ಲಿದ್ದವರು ಚೆಕಿಂಗ್ ಸಾಹೇಬರು. ಬಸ್ಸುಗಳಿಗೆ ನಡುದಾರಿಯಲ್ಲಿ ಹತ್ತಿ ಟಿಕೆಟ್ ಇಲ್ಲದವರನ್ನು ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಅಕ್ಕ ಹೋದ ಮೇಲೆ ಈ ಕಟ್ಟಡಕ್ಕೆ ಬಂದವರಾದ್ದರಿಂದ ಅವಳನ್ನು ಕಂಡವರಲ್ಲ; ಮೇಲಿನ ಮನೆಯ ದನಿ ದಪ್ಪ ನೆಲ ದಾಟಿ ಅವರಿಗೆ ಕೇಳಿಸಿದ್ದೂ ಇಲ್ಲ. ಅವರು ಎದುರು ಬಂದರೆ ಜನ ಗೊತ್ತಿಲ್ಲದೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರ ಜೊತೆ ಮಾತಾಡಿದವರನ್ನು ಕಂಡವರಿಲ್ಲ. ವಾರ್ತೆ ಕೇಳಲೆಂದು ಅವರು ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಪುಟ್ಟ ವೈರಿಲ್ಲದ ಸ್ಪೀಕರನ್ನು ಇಟ್ಟಿದ್ದರು. ಅದನ್ನು ಆರಿಸುವ ಅಭ್ಯಾಸ ಅವರಿಗಿರಲಿಲ್ಲ.

ಆ ಸಂಜೆ ಸಾಹೇಬರು ಒಲೆಯ ಮೇಲೆ ಹಾಲಿಟ್ಟು ಕಿಟಕಿಯ ಬಳಿ ನಿಂತಿದ್ದರು. ಮನೆಯಲ್ಲಿ ಅವರ ಹೊರತು ನರಪಿಳ್ಳೆಯಿಲ್ಲ. ಬೆನ್ನ ಹಿಂದಿನಿಂದ ಒಂದು ಹೆಣ್ಣುದನಿ, ಸಿಡಿಲು ಬಡಿದಂತೆ:

"ಏ ಮಂಕೇ, ಹಾಲು ಒಲೆ ಮೇಲಿಟ್ಟು ಹೋಗಿದೀಯಲ್ಲೋ!"

ಸಾಹೇಬರು ತಿರುಗಿದರು. ಹಾಲು ಉಕ್ಕುತ್ತಿತ್ತು.

ಅವರು ಒಲೆ ಆರಿಸಿದ್ದು ಸರಿಯೇ, ಆಮೇಲೆ ಅದರ ಮುಂದೆ ಕೈಕಟ್ಟಿ ನಿಂತೇಬಿಟ್ಟರು. ಜೀವಮಾನವಿಡೀ ಬೇರೆಯವರನ್ನು ಗದರಿಸಿದ ಮನುಷ್ಯ. ಮೊದಲು ದೆವ್ವ ಎಂದುಕೊಂಡರು. ಆದರೆ ದೆವ್ವಕ್ಕೆ ಹಾಲು ಉಕ್ಕಿದರೆ ಏನು ಗಂಟು ಹೋಗುತ್ತದೆ? ಇನ್ನು ಉಳಿದದ್ದು ದೇವರು.

"ಸ್ವೆಟರ್ ಹಾಕ್ಕೊಂಡ್ಯೇನೋ?" ಎಂದಿತು ದನಿ.

"ಇಲ್ಲ ಕಣಮ್ಮಾ, ಈಗ ಹಾಕ್ಕೋತೀನಿ" ಎಂದು ಸಾಹೇಬರು ಬೀರುವಿನ ಕಡೆ ಓಡಿದರು.

ಹೀಗೆ ಮೊದಲಾಯಿತು. ಒಮ್ಮೆ ಗುರುತಾದ ಮೇಲೆ ಕಂಪ್ಯೂಟರೂ ಸ್ಪೀಕರೂ ಪ್ರತಿ ಸಂಜೆ ಯಾರ ಅಪ್ಪಣೆಗೂ ಕಾಯದೆ ತಾವೇ ಕೈ ಹಿಡಿಯುತ್ತಿದ್ದವು. ಮೇಲೆ ಒಬ್ಬ, ಕೇಳದ ದನಿಗೆ ಕಿವಿಗೊಟ್ಟು ಕೂರುತ್ತಿದ್ದ. ಕೆಳಗೆ ಇನ್ನೊಬ್ಬರು, ಕಾಣದವಳಿಗೆ ಉತ್ತರ ಕೊಡುತ್ತಿದ್ದರು.

ತೂಕದಣ್ಣನಿಗೆ ಯಾರನ್ನಾದರೂ ಕೇಳೋಣವೆಂದರೆ ಬಾಯಿ ಬಾರದು. ಅಂಗಡಿಯಲ್ಲಿ ಅಷ್ಟು ಜಂಬ ಕೊಚ್ಚಿಕೊಂಡವನು ಯಾವ ಮುಖ ಹೊತ್ತು ಹೋಗಬೇಕು? ಅಲ್ಲದೆ ಬ್ಲೂಟೂತ್ ಇದೆಯೆಂದು ಡ್ರೈವರೇ ಕಣ್ಣಾರೆ ತೋರಿಸಿದ್ದಾನೆ. ಗೆರೆಯೂ ಓಡುತ್ತಿದೆ. ಹಾಗಾದರೆ ಕೆಟ್ಟಿರುವುದು ಕಿವಿಯೇ. ಅವನು ಕಿವಿ ಡಾಕ್ಟರ ಬಳಿ ಹೋದ.

ಡಾಕ್ಟರು ಒಳಗೆ ಬೆಳಕು ಬಿಟ್ಟು ನೋಡಿದರು. ಗಂಟೆ ಬಾರಿಸಿದರು, ಪಿಸುಗುಟ್ಟಿದರು. "ವಯಸ್ಸಿಗೆ ತಕ್ಕ ಹಾಗಿದೆ. ಅಂಥದ್ದೇನೂ ಆಗಿಲ್ಲ."

"ಮತ್ತೆ ನಮ್ಮಕ್ಕ ಮಾತಾಡೋದು ಯಾಕೆ ಕೇಳಲ್ಲ ಡಾಕ್ಟ್ರೇ? ಮುಂಚೆ ಚೆನ್ನಾಗಿ ಕೇಳ್ತಿತ್ತು."

"ಬೇರೆಯವರು ಮಾತಾಡಿದ್ರೆ?"

"ಕೇಳುತ್ತೆ. ನೀವು ಮಾತಾಡೋದು ಕೇಳ್ತಿದೆಯಲ್ಲ. ಅಕ್ಕಂದು ಮಾತ್ರ."

"ಹಾಗಾದ್ರೆ ಅವರ ಗಂಟಲಲ್ಲೇ ತೊಂದರೆ ಇರಬಹುದು. ಕರ್ಕೊಂಡು ಬನ್ನಿ, ನೋಡೋಣ."

"ಅವಳು ತೀರಿಕೊಂಡಿದ್ದಾಳೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ದನಿಯನ್ನು ತುಂಬಾ ಮೆತ್ತಗೆ ಮಾಡಿ, "ನಿಮ್ಮ ಜೊತೆ ಯಾರು ಬಂದಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ" ಎಂದ ತೂಕದಣ್ಣ.

"ಮನೇಲಿ?"

"ಅದೇ ಹೇಳಿದ್ನಲ್ಲ ಡಾಕ್ಟ್ರೇ."

ಡಾಕ್ಟರು ನಿದ್ದೆಗೆ ಒಂದು ಗುಳಿಗೆ ಬರೆದುಕೊಟ್ಟರು. ಕಿವಿಗೆ ಬಂದವನಿಗೆ ನಿದ್ದೆ ಗುಳಿಗೆ ಯಾಕೆಂದು ತೂಕದಣ್ಣನಿಗೆ ಅರ್ಥವಾಗಲಿಲ್ಲ. ಆದರೂ ತಂದಿಟ್ಟುಕೊಂಡ. ಆ ಸಂಜೆಯೂ ಅಕ್ಕನ ಕುರ್ಚಿಯ ಎದುರು ಕೂತು ಗೆರೆ ಓಡುವುದನ್ನು ನೋಡಿದ. ಯಾವ ಗೆರೆ ಎಷ್ಟು ಉದ್ದವೆಂದು ನೋಡಿಯೇ, ಈಗ ಗಡ್ಡದ ಮಾತು, ಈಗ ಸೋರುವ ನಲ್ಲಿಯ ಮಾತು ಎಂದು ತುಟಿಯಾಡಿಸಿದ. ಕೆಲವು ಮಾತು ಮರೆತುಹೋಗಿದ್ದವು. ಆಗ ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಈ ನಡುವೆ ಚೆಕಿಂಗ್ ಸಾಹೇಬರು ದಿನದಿಂದ ದಿನಕ್ಕೆ ಕಳೆಕಳೆಯಾಗತೊಡಗಿದ್ದು ಕಟ್ಟಡದವರ ಕಣ್ಣಿಗೆ ಬಿತ್ತು. ಗಡ್ಡ ನುಣ್ಣಗೆ. ಸ್ವೆಟರಿನ ಗುಂಡಿಗಳೆಲ್ಲ ಭದ್ರ. ಬಂದ ದಿನದಿಂದ ಸೋರುತ್ತಿದ್ದ ನಲ್ಲಿ ರಿಪೇರಿ. ಮೆಟ್ಟಿಲ ಮೇಲೆ ಸಿಕ್ಕವರನ್ನು ನೋಡಿ ಒಂದು ದಿನ ಅವರು ನಕ್ಕೇಬಿಟ್ಟರಂತೆ. ಸಿಕ್ಕವರು ಹೆದರಿ ಮನೆಗೆ ವಾಪಸ್ಸು ಹೋದರು.

"ಇದು ಹೆಂಗಸಿನ ಕೈವಾಡ" ಎಂದರು ಟ್ಯೂಷನ್ ಮೇಡಂ. "ಗಂಡಸರು ತಾವಾಗಿ ನಲ್ಲಿ ರಿಪೇರಿ ಮಾಡಿಸಿದ್ದು ನೀವು ಎಲ್ಲಾದ್ರೂ ಕಂಡಿದ್ದೀರಾ? ಸಂಜೆ ಹೊತ್ತು ಅವರ ಬಾಗಿಲ ಮುಂದೆ ಹೋದ್ರೆ ಕೇಳುತ್ತೆ. 'ಹಾಕ್ಕೊಂಡೆ ಕಣಮ್ಮಾ', 'ತಂದೆ ಕಣಮ್ಮಾ'. ಒಳಗೆ ಯಾರೋ ಇದ್ದಾರೆ."

ಸೆಕ್ರೆಟರಿಗೆ ಹೆಂಗಸಿನ ಚಿಂತೆಯಿರಲಿಲ್ಲ. ಕಟ್ಟಡದ ನೀರಿನ ಬಾಬ್ತಿನ ಹಣ ತಲೆಗಿಷ್ಟು ಎಂದು ನಿಗದಿಯಾದದ್ದು. ಸಾಹೇಬರು ಬರೆಸಿದ್ದು ಒಂದೇ ತಲೆ. ಎರಡು ಸಲ ಕೆಮ್ಮಿದರು. "ಅಂದ್ರೆ ಚೆಕಿಂಗ್ ಸಾಹೇಬರ ಮನೇಲಿ ಟಿಕೆಟ್ ಇಲ್ಲದ ಪ್ರಯಾಣಿಕರು!" ಎಂದರು. ಜೀವನದಲ್ಲಿ ಇಂಥ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ತಮ್ಮ ಮಾತಿಗೆ ತಾವೇ ಎಷ್ಟು ಮೆಚ್ಚಿದರೆಂದರೆ, ಅದನ್ನು ಮೂರು ಮಹಡಿಯವರಿಗೂ ಹೋಗಿ ಹೇಳಿ ಬಂದರು.

ಸಾಕ್ಷಿ ಬೇಕಿತ್ತು. ಇಬ್ಬರೂ ಸಂಜೆ ತೂಕದಣ್ಣನ ಬಾಗಿಲು ತಟ್ಟಿದರು. ಅವನು ಆಗತಾನೇ ಗೆರೆ ಓಡಿಸಿ ಕೂತಿದ್ದ. ಹೆಡ್‌ಫೋನನ್ನು ಕೊರಳಿಗಿಳಿಸಿಕೊಂಡು ಬಂದ.

"ನಿಮ್ಮ ಮನೆ ಅವರ ಮನೆ ಮೇಲೇ ಇದೆ" ಎಂದರು ಸೆಕ್ರೆಟರಿ. "ನಿಜ ಹೇಳಿ. ಸಂಜೆ ಹೊತ್ತು ಹೆಂಗಸಿನ ದನಿ ಕೇಳುತ್ತಾ?"

ತೂಕದಣ್ಣನ ಮುಖ ಇಳಿದುಹೋಯಿತು. "ಇಲ್ಲ ಸಾರ್. ಮೊದಲು ಕೇಳ್ತಿತ್ತು. ಈಗ ಕೇಳಲ್ಲ. ಎಷ್ಟು ಪ್ರಯತ್ನ ಪಟ್ಟರೂ ಇಲ್ಲ."

"ಪ್ರಯತ್ನ ಬೇರೆ ಪಟ್ಟಿದ್ದಾರೆ!" ಎಂದು ಮೇಡಂ ಬಾಯಿಗೆ ಕೈ ಹಚ್ಚಿಕೊಂಡರು.

"ಡಾಕ್ಟ್ರಿಗೂ ತೋರಿಸಿದೆ."

ಸೆಕ್ರೆಟರಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಸಾಕ್ಷಿ ಹೇಗೇ ಇರಲಿ ಸಾಕ್ಷಿಯೇ ಎಂದು, "ನಡೀರಿ ಕೆಳಗೆ" ಎಂದರು. ಯಾರಾದರೂ ನಡೀರಿ ಎಂದು ಕರೆದು ತೂಕದಣ್ಣನಿಗೆ ಬಹಳ ದಿನವಾಗಿತ್ತು. ಎಲ್ಲಿಗೆ, ಯಾಕೆ ಎಂದು ಕೇಳದೆ ಹೊರಟ. ಕುರ್ಚಿಯ ಮೇಲೆ ಗೆರೆ ಓಡುತ್ತಲೇ ಇತ್ತು.

ಸಾಹೇಬರು ಬಾಗಿಲು ತೆರೆದರು. ಗಡ್ಡ ಹೆರೆದ ಮುಖ, ಭದ್ರ ಸ್ವೆಟರು. ಸೆಕ್ರೆಟರಿ ಎರಡು ಸಲ ಕೆಮ್ಮಿದರು.

"ನಿಮ್ಮ ಮನೇಲಿ ಇನ್ನೊಬ್ಬರು ಇದ್ದಾರೆ ಅಂತ ದೂರು ಬಂದಿದೆ."

"ಯಾರೂ ಇಲ್ಲ" ಎಂದರು ಸಾಹೇಬರು. ಜನ ಟಿಕೆಟ್ ಕಳೆದುಹೋಯಿತು ಎನ್ನುವಾಗ ಯಾವ ಮುಖ ಮಾಡುತ್ತಿದ್ದರೋ, ಅದೇ ಮುಖ ಈಗ ಅವರದಾಗಿತ್ತು.

ಒಳಗಿನಿಂದ, ಸ್ಪಷ್ಟವಾಗಿ: "ಬಾಗಿಲಲ್ಲಿ ಯಾರೋ ಬಂದು ನಿಂತಿದ್ದಾರೆ ಕಣೋ. ಆ ಸೆಕ್ರೆಟರಿನೇ ಇರಬೇಕು, ಕೆಮ್ಮು ಕೇಳಿದ್ರೇ ಗೊತ್ತಾಗುತ್ತೆ. ನಾನಂತೂ ಏಳಲ್ಲ."

ಮೂರನೆಯ ಕೆಮ್ಮು ಸೆಕ್ರೆಟರಿಯ ಗಂಟಲಲ್ಲೇ ನಿಂತಿತು. ಆ ಗಾಬರಿಯಲ್ಲಿ ಮೇಲಿನ ಮನೆಯ ಕಂಪ್ಯೂಟರು ಯಾರಿಗೂ ನೆನಪಾಗಲಿಲ್ಲ. ಟ್ಯೂಷನ್ ಮೇಡಂ ಗೋಡೆಗೆ ಒರಗಿದರು. "ಇದು… ಇದು ಇವರಕ್ಕನ ದನಿ ಅಲ್ವೇನ್ರೀ? ನಾವೇ ಅಲ್ವಾ ಮಣ್ಣು ಮಾಡಿ ಬಂದಿದ್ದು?"

ಸೆಕ್ರೆಟರಿ ನಿಯಮದ ಮನುಷ್ಯ. ಲೆಕ್ಕ ಹಾಕಿ, "ತೀರಿಕೊಂಡವರಿಗೆ ನೀರಿನ ಬಾಬ್ತು ಬರಲ್ಲ" ಎಂದರು.

ತೂಕದಣ್ಣ ಇದನ್ನೆಲ್ಲ ಕೇಳಲಿಲ್ಲ. ಸಾಹೇಬರನ್ನೂ ಬಾಗಿಲನ್ನೂ ಒಟ್ಟಿಗೆ ತಳ್ಳಿಕೊಂಡು ಅಡುಗೆಮನೆಗೆ ಹೋಗಿದ್ದ. ಶೆಲ್ಫಿನ ಮೇಲೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಸಾಸಿವೆಯಷ್ಟು ನೀಲಿ ಬೆಳಕು. ಅದರ ಪಕ್ಕದಲ್ಲಿ ಕಪ್ಪು ದಾರದ ಉಂಡೆಗಳು ಸಾಲಾಗಿ ಕೂತಿದ್ದವು.

"ಬರ್ತಾ ಸೂಜಿ ದಾರ ತಗೊಂಡು ಬಾ" ಎಂದಿತು ಡಬ್ಬಿ. "ಕರೀದು. ಬಿಳೀದು ತಂದ್ರೆ ನೋಡು ಮತ್ತೆ."

"ದಿನಾ ಕೇಳ್ತಿದ್ರು" ಎಂದರು ಹಿಂದೆ ಬಂದು ನಿಂತ ಸಾಹೇಬರು, ತಪ್ಪು ಮಾಡಿದ ದನಿಯಲ್ಲಿ. "ದಿನಾ ತಂದೆ."

ಆಮೇಲಿನ ವಿಚಾರಣೆಯನ್ನು ನಡೆಸಿದವರು ಟ್ಯೂಷನ್ ಮೇಡಂ. ದೆವ್ವವಲ್ಲ ಎಂದು ಖಾತ್ರಿಯಾದ ಕೂಡಲೇ ಅವರಿಗೆ ಜೀವ ಬಂತು. ತೂಕದಣ್ಣನ ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನನ್ನು ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಆನ್ ಮಾಡಿದ್ದೀರೇನ್ರೀ?"

"ಅದಕ್ಕೆ ಆನ್ ಬೇರೆ ಇದೆಯಾ?"

ಮೇಡಂ ಒಂದು ಬದಿಯ ಗುಂಡಿ ಒತ್ತಿ ಹಿಡಿದರು. ಅಲ್ಲೂ ಒಂದು ನೀಲಿ ಸಾಸಿವೆ ಹೊತ್ತಿಕೊಂಡಿತು. ಅವರು ತೂಕದಣ್ಣನನ್ನು ಅವನ ಹೆಸರಿನಿಂದ ಕರೆಯಲಿಲ್ಲ. ಅಕ್ಕ ಕರೆಯುತ್ತಿದ್ದ ಹೆಸರು ನಾಲಿಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡರು.

ಸೆಕ್ರೆಟರಿಗೆ ಒಂದು ತೀರ್ಪು ಕೊಡಲೇಬೇಕಿತ್ತು. "ಸಾಹೇಬ್ರೇ, ಇಷ್ಟು ದಿನ ನೀವು ಯಾಕೆ ಯಾರಿಗೂ ಹೇಳಲಿಲ್ಲ? ಯಾರದೋ ದನಿ ನಿಮ್ಮ ಮನೇಲಿ ಬಂದ್ರೆ ತಿಳಿಸಬೇಕು ತಾನೇ?"

ಸಾಹೇಬರು ಸ್ವೆಟರಿನ ಗುಂಡಿ ಹಿಡಿದುಕೊಂಡು ನಿಂತಿದ್ದರು. "ದೇವರು ಮಾತಾಡಿದ್ರೆ ಹೀಗೇ, ಏಕವಚನದಲ್ಲೇ ಮಾತಾಡ್ತಾನೆ ಅಂದ್ಕೊಂಡೆ" ಎಂದರು. ಗುಂಡಿಯನ್ನು ತಿರುವುತ್ತ, "ಆಮೇಲೆ, ಅಲ್ಲ ಅಂತ ಅನ್ನಿಸ್ತು. ಆದ್ರೂ… ನನ್ನನ್ನ ಯಾರಾದ್ರೂ ಬೈದು ತುಂಬಾ ವರ್ಷ ಆಗಿತ್ತು."

ಸೆಕ್ರೆಟರಿ ಕೆಮ್ಮದೆಯೇ, "ಅವರವರದ್ದು ಅವರವರು ಕೇಳ್ಕೊಳ್ಳಿ" ಎಂದು ಹೊರಟುಹೋದರು. ಮೇಡಂ ಮೇಲೆ ಬಂದು ಕಂಪ್ಯೂಟರಿನಲ್ಲಿ ಲಾರಿ ನಂಬರನ್ನು ಬಿಡಿಸಿ, ಹೆಡ್‌ಫೋನನ್ನು ಜೋಡಿಸಿಕೊಟ್ಟರು. ಬೇಕಾದಾಗ ಹೇಗೆ ಬದಲಾಯಿಸುವುದೆಂದು ಮಕ್ಕಳಿಗೆ ಹೇಳಿಕೊಡುವ ಹಾಗೆ ಕೈಹಿಡಿದು ತೋರಿಸಿದರು.

ಅಕ್ಕ ಮರಳಿ ಬಂದಳು. ಎಷ್ಟು ಹತ್ತಿರ ಬಂದಳೆಂದರೆ, ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ತೂಕದಣ್ಣ ಅವತ್ತು ಕಸ ಗುಡಿಸಲಿಲ್ಲ, ಅಡುಗೆ ಮಾಡಲಿಲ್ಲ. ಕೂತು ಕೇಳಿದ. ಮರೆತುಹೋಗಿದ್ದ ಮಾತುಗಳೆಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಆದರೆ ಮಾರನೆಯ ಸಂಜೆ ಪೊರಕೆ ಹಿಡಿದು ಕೋಣೆಯ ಆ ಮೂಲೆಗೆ ಹೋದಾಗ ಒಂದು ಸಂಗತಿ ಗೊತ್ತಾಯಿತು. ಮೊದಲೆಲ್ಲ ಆ ಮೂಲೆಗೆ ಹೋದರೆ ಅಕ್ಕನ ದನಿ ಸ್ವಲ್ಪ ದೂರವಾಗುತ್ತಿತ್ತು. ಈ ಕಡೆ ಬಂದರೆ ಹತ್ತಿರವಾಗುತ್ತಿತ್ತು. ಅವಳು ಕುರ್ಚಿಯಲ್ಲಿರುತ್ತಿದ್ದಳು. ಈಗ ಎಲ್ಲಿ ಹೋದರೂ ಅಷ್ಟೇ ಹತ್ತಿರ. ಕುರ್ಚಿ ಖಾಲಿಯಾಗಿತ್ತು.

ಹೆಡ್‌ಫೋನು ತೆಗೆದ. ಆಗ ಬಾಗಿಲ ಹೊರಗೆ ಯಾರೋ ಚಪ್ಪಲಿ ಸರಿಸಿದ ಸದ್ದಾಯಿತು. ತೆರೆದು ನೋಡಿದರೆ ಚೆಕಿಂಗ್ ಸಾಹೇಬರು. ಬಾಗಿಲು ತಟ್ಟಲು ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಬಹಳ ಹೊತ್ತಿನಿಂದ ಹಾಗೇ ಇದ್ದಿರಬೇಕು. ಗಡ್ಡ ಹೆರೆದಿರಲಿಲ್ಲ.

"ತೊಂದರೆ ಕೊಡಕ್ಕೆ ಬರಲಿಲ್ಲ" ಎಂದರು. "ಸುಮ್ನೆ… ಇವತ್ತು ಏನಾದ್ರೂ ಬೈದ್ರಾ?"

"ಗಡ್ಡದ್ದು ಆಯ್ತು" ಎಂದ ತೂಕದಣ್ಣ. "ಈಗ ನಲ್ಲಿ ನಡೀತಿದೆ."

ಸಾಹೇಬರು ತಮ್ಮ ಗಲ್ಲ ಮುಟ್ಟಿ ನೋಡಿಕೊಂಡರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಒಂದು ಕೇಳ್ಲಾ? ಅವರು ಅಷ್ಟೊಂದು ಕೇಳ್ತಿದ್ರಲ್ಲ. ಊಟ ಆಯ್ತಾ, ಸ್ವೆಟರ್ ಹಾಕ್ಕೊಂಡ್ಯಾ ಅಂತ. ನೀವು ಏನಂತ ಹೇಳಿ ಕಳಿಸ್ತಿದ್ರಿ?"

ತೂಕದಣ್ಣ ಬಾಗಿಲ ಚಿಲಕವನ್ನು ಆಡಿಸಿದ.

"ಏನೂ ಕಳಿಸ್ತಿರಲಿಲ್ಲ. ಲಾರಿ ನಿಂತಿರ್ತಿತ್ತು."

"ಒಂದಕ್ಕೂ?"

"ಸಂಜೆ ಹೇಗಿದ್ರೂ ಮನೆಗೆ ಬರ್ತೀನಲ್ಲ ಅಂತ."

ಸಾಹೇಬರು ತಲೆಯಾಡಿಸಿದರು. ಟಿಕೆಟ್ ಯಾಕೆ ತೆಗೆಸಲಿಲ್ಲ ಎಂಬುದಕ್ಕೆ ಜನ ಹೇಳಿದ್ದನ್ನೆಲ್ಲ ಕೇಳಿದವರು ಅವರು. ಇದನ್ನು ಅವರು ಪ್ರಶ್ನಿಸಲಿಲ್ಲ.

ತೂಕದಣ್ಣ ಒಳಗೆ ಹೋದ. ಹೆಡ್‌ಫೋನಿನ ಗುಂಡಿ ಒತ್ತಿ ಆರಿಸಿದ. ಮೇಡಂ ಹೇಳಿಕೊಟ್ಟ ಹಾಗೆ ಆ ಲಾರಿ ನಂಬರನ್ನು ಹುಡುಕಿ ಒತ್ತಿದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, "ನಡೀರಿ ಕೆಳಗೆ" ಎಂದ.

ಇಬ್ಬರೂ ಅಡುಗೆಮನೆಯ ಶೆಲ್ಫಿನ ಮುಂದೆ ಹೋಗಿ ನಿಂತರು. ನಲ್ಲಿಯ ಬೈಗುಳ ಮುಗಿಯುತ್ತ ಬಂದಿತ್ತು. ಆಮೇಲೆ ಸ್ವಲ್ಪ ಗರಗರ, ಆಮೇಲೆ ಅಕ್ಕ:

"ಊಟ ಮಾಡಿದ್ಯೇನೋ? ಇಲ್ಲ ಅಂದ್ರೆ ಇಲ್ಲ ಅನ್ನು. ಒಂದು ಮಾತು ಹೇಳಕ್ಕೆ ಏನು ರೋಗ ನಿನಗೆ?"

ರೂಢಿಯಂತೆ ಸಾಹೇಬರ ಬಾಯಿ ತೆರೆಯಿತು. "ಇ" ಎನ್ನುವಷ್ಟು ದನಿಯೂ ಬಂದಿತ್ತು. ಅಲ್ಲಿಗೇ ತಡೆದುಕೊಂಡರು. ಪಕ್ಕದಲ್ಲಿದ್ದವನನ್ನು ನೋಡಿದರು. ಇಷ್ಟು ದಿನ ತಾವು ನಿಲ್ಲುತ್ತಿದ್ದ ಜಾಗದಿಂದ ಒಂದು ಹೆಜ್ಜೆ ಹಿಂದೆ ಸರಿದು, ಬಸ್ಸಿನಲ್ಲಿ ಕೂತಿದ್ದ ಸೀಟನ್ನು ಅದರ ಒಡೆಯನಿಗೆ ಬಿಟ್ಟುಕೊಡುವವರ ಹಾಗೆ, ಸದ್ದಿಲ್ಲದೆ ಕೈ ತೋರಿಸಿದರು.

ತೂಕದಣ್ಣ ಆ ಜಾಗಕ್ಕೆ ಬಂದು ನಿಂತ.

"ಇಲ್ಲ ಕಣಕ್ಕಾ" ಎಂದ. "ಈಗ ಮಾಡ್ತೀವಿ."